ಡಬ್ಬಿ

ನೀಲಿಗಿನ ರಸ್ತೆಯ ಅಂಗಡ್ಯಾಗ ಗೌಸಮೊದ್ದೀನ ಕೇಳಿದ:
"ಡಬ್ಬಿ ಎಂಥಾದು ಬೇಕ್ರಿ? ಬಾಯಿ ಮುಚ್ಚಿದ್ದೋ, ತೂತಿಂದೋ?"

ನಾನು ಬ್ಯಾಡಗಿಯಾಂವ.
ಡಬ್ಬಿ ಅಂದ್ರ ನಮ್ಮೂರಾಗ ಮೆಣಸಿನಕಾಯಿ.
ಮೈಯೆಲ್ಲಾ ಸುಕ್ಕು, ಹೊಟ್ಟಿ ಡುಬ್ಬ,
ಬಣ್ಣ ಬಾಳ, ಖಾರ ಕಡಿಮಿ.
ಹದಿನಾಕು ವರ್ಷ ಅದರ ಮಾದರಿ ಚೀಲ ಹೊತ್ತು
ಅಡತಿ ಅಂಗಡಿಯಿಂದ ಅಡತಿ ಅಂಗಡಿಗೆ:
ಮದಲ ಸೈಕಲ್ಲು, ಆಮ್ಯಾಲ ಟಿವಿಎಸ್ಸು,
ಹೋದ ದೀಪಾವಳಿಗೆ ಮೂರನೇ ಕೈಯಿಂದ ಬಂದ
ಈ ಬಿಳಿ ಆಲ್ಟೋ.

ಅಂವ ಗುಂಡಿ ತಿರುವಿದ.
ಒಂದು ಡಬ್ಬಿ ಧಡ್ ಧಡ್ ಅಂತು,
ನಡುರಾತ್ರಿ ಗೋದಾಮಿನ ಬಾಗಿಲಾ ಬಡದಂಗ.
ಇನ್ನೊಂದು ಬಡೀಲಿಲ್ಲ. ಉಸುರು ಹಾಕ್ತು.
ಅಂಗಡಿಯ ಗಾಜು ಸುಮ್ಮನ ಕುಂತಿತ್ತು,
ನನ್ನ ಅಂಗಿ ಗುಂಡಿ ಮಾತ್ರ
ಎದಿ ಮ್ಯಾಲ ಸಣ್ಣಗ ಅದುರಿತು.

"ವ್ಯಾಟ್ ನೋಡಬ್ಯಾಡ್ರಿ" ಅಂದ. "ಮ್ಯಾಲ ಬರದ ಸಾವಿರ,
ಕನ್ಯಾ ನೋಡಾಕ ಬಂದಾಗ ಹೇಳಿದ ವರನ ಪಗಾರ ಇದ್ದಂಗ.
ಖರೇ ಅಂದ್ರ ನೂರಾ ಐವತ್ತು."

ಯಾವುದು ಬೇಕಂತ ಹೇಳಾಕ ಬರಲಿಲ್ಲ ನನಗ.
"ಖಾರ ಬ್ಯಾಡ್ರಿ" ಅಂದೆ, "ಬಣ್ಣ ಇರಲಿ."
ಒಂದು ಗಳಿಗಿ ನನ್ನ ಮಾರಿ ನೋಡಿ
ಬಾಯಿ ಮುಚ್ಚಿದ ಹತ್ತಿಂಚಿಂದು ಕೆಳಗಿಳಿಸಿದ.

ಮಧ್ಯಾನ ಪೂರ್ತಿ ಗಾಡಿ ತೊಗಲು ಸುಲಿಸಿಕೊಂಡು ನಿಂತಿತ್ತು.
ಹುಡುಗ ಸೈಫುಲ್ಲಾ ಸೀಟಿನ ಬುಡಕ ಮಲಕ್ಕೊಂಡು
ಬ್ಯಾಟರಿಯಿಂದ ಕೆಂಪು ವಾಯರ್ ಎಳದ,
ಗೇಣಿನೊಳಗ ಒಂದು ಫ್ಯೂಜ್.
"ಇದು ಮರತ್ರ ಗಾಡಿಗೇ ಹೋಳಿ ಹುಣ್ಣಿವಿ ಅಣ್ಣಾ."
ಕರಿ ವಾಯರಿಗೆ ತಗಡಿನ ಬಣ್ಣ ಕೆರದ,
ಹೊಳಿಯೂ ತನಕ ಕೆರದ.
ಬರಿ ಮೈಗೆ ಮುಟ್ಟಲಿಲ್ಲಂದ್ರ
ಗುಂಯ್ ಅನ್ನೂದು ನಿಲ್ಲೂದಿಲ್ಲಂತ.
ಡಿಕ್ಕಿಯ ಹಾಸು ಎತ್ತಿದ್ರ ಬೀಜ,
ಹಳದಿ ಮೆಣಸಿನ ಬೀಜ, ಬೊಗಸಿಗಟ್ಟಲೆ.
ಎಂಟು ಸಲ ಸೀನಿದ ಹುಡುಗ:
"ಏನ್ರಿ, ಗಾಡಿನೋ ಖಾರದ ಗಿರಣಿನೋ?"

ಹದಿನೇಳು ಸಾವಿರದ ಎರಡನೂರು. ಎರಡನೂರು ಬಿಟ್ಟ.
ಮನ್ಯಾಗ ಹನ್ನೊಂದು ಅಂತ ಹೇಳೇನಿ;
ನೀವೂ ಹನ್ನೊಂದಂತನ ಓದ್ರಿ.

ಶಿಗ್ಗಾಂವಿ ದಾಟೂತನಕ ದನಿ ಏರಿಸಲಿಲ್ಲ.
ಬಂಕಾಪುರದ ಹತ್ರ, ಮಗ್ಗಲ ದಾರ್ಯಾಗ ಗಾಡಿ ನಿಲ್ಲಿಸಿ
ಪೂರ್ತಿ ಬಿಟ್ಟೆ.
ಕನ್ನಡಿ ನಡುಗಿತು, ಕನ್ನಡ್ಯಾಗಿನ ಹೊತ್ತು ನಡುಗಿತು,
ನಂಬರ ಪ್ಲೇಟು ಕೂಸಿನ ಗಿಲಕಿ ಆತು.
ಬೆನ್ನಿನ ಮಣಿಗಳನ್ನ ಯಾರೋ ಒಂದೊಂದ ಎಣಿಸಿದಂಗ.
ಕ್ವಾಟಿಯೊಳಗಿಂದ ನವಿಲು ಕೂಗಿತು.
ಒಂದು. ಆಮ್ಯಾಲ ಹತ್ತು.
ಫೆಬ್ರುವರಿ. ಮುಗಿಲಾಗ ಒಂದೆಳಿ ಅರಳಿ ಇರಲಿಲ್ಲ.
ನಾನು ನಕ್ಕೆ. ಆಗ ತಿಳೀಬೇಕಿತ್ತು.

ಮರುದಿನ, ಒಣಗೂ ಕಣ.
ಕಣ್ಣು ಹೋಗೂತನಕ ಕೆಂಪು.
ತುಂಬು ಬಿಡಿಸೂ ಹೆಣ್ಮಕ್ಕಳು, ಫಕೀರವ್ವ, ಹಸೀನಾ,
ದುರಗವ್ವನ ನಡುಕಲ ಸೊಸಿ,
ಸೆರಗಿನಾಗ ಮೂಗು ಕಟ್ಟಿ ಕುಂತಿದ್ರು.
ತೋರಸಬೇಕಲ್ಲ! ಗೋದಾಮಿನ ಹಿಂದ ನಿಂತು ಹಚ್ಚಿದೆ.

ಎದ್ದರು.
ಮೂವತ್ತು ಮಂದಿ ಒಮ್ಮೆಲೆ, ಉಡಿಯಾಗಿನ ಕಾಯಿ ಚೆಲ್ಲಿ
"ಗುಡುಗವ್ವೋ" ಅಂತ ತಾಡಪತ್ರಿ ಕಡೆ.
ಫಕೀರವ್ವ ಮಣಕಾಲ ಹಿಡಕೊಂಡು ಓಡಿದ್ಳು.
ಅರ್ಧ ಕಣ ಮುಚ್ಚಿದ ಮ್ಯಾಲ
ಯಾರೋ ತಲಿ ಎತ್ತಿ ಮುಗಿಲು ನೋಡಿದ್ರು.

ಆ ಬೈಗುಳ ಇಲ್ಲಿ ಬರಿಯೂದಿಲ್ಲ.
ಅವು ಡಬ್ಬಿ ಅಲ್ಲ, ಗುಂಟೂರ.

ಅಪ್ಪ ಇಟ್ಟ ಹೆಸರು ಮೌನೇಶ.
ಈಗ ಪ್ಯಾಟಿ ತುಂಬ ಗುಡುಗಿನ ಮೌನ್ಯಾ.
ಕಣ ಬಂತಂದ್ರ ಬೆರಳು ತಾನ ಗುಂಡಿಗೆ ಹೋಗತೈತಿ.

ಮಾರ್ಚಿನ ಒಂದು ಸಂಜಿ ತೆಂಕಣಕ್ಕ ಧಂ ಅಂತು.
ಯಾರೂ ಏಳಲಿಲ್ಲ.
"ಬಂದ ನೋಡ್ರೆವಾ" ಅಂದ್ಳು ಫಕೀರವ್ವ, ಕೈ ನಿಲ್ಲಸದ.
ನಾನು ಅಲ್ಲೇ ಇದ್ದೆ, ತಕ್ಕಡಿ ಮಗ್ಗಲಾ,
ಗಾಡಿ ಕೀಲಿ ಕೈಯಾಗ ತಣ್ಣಗ.
"ನಂದಲ್ಲಬೇ!" ಅಂತ ಚೀರಿದೆ,
"ಇದು ಮ್ಯಾಲಿಂದು! ಮ್ಯಾಲಿಂದು!"

ಆಕಿ ನನ್ನ ನೋಡಲಿಲ್ಲ. ಮುಗಿಲೂ ನೋಡಲಿಲ್ಲ.
ಗಾಡಿ ನೋಡಿದ್ಳು.
ಆಮ್ಯಾಲ ಎದ್ದಳು.