ಇಪ್ಪತ್ತು ಗುಂಡಿ

ಬ್ರೇಕ್ ಹಿಡಿದಾಗ ಅಲ್ಲ, ಬಿಟ್ಟಾಗ.
ಮನೆ ಹತ್ತಿರದ ಜಲ್ಲಿದಾರಿಯಲ್ಲಿ, ನಿಧಾನಕ್ಕೆ ಬರುವಾಗ,
ಮುಂದಿನ ಚಕ್ರದಿಂದ
ಖಾಲಿ ಲೋಟದಲ್ಲಿ ಯಾರೋ ಚಮಚ ಆಡಿಸಿದ ಸದ್ದು.
ಎರಡು ಬೇಸಿಗೆ ಕೇಳಿಸಿಕೊಂಡೆ,
ಕೇಳಿಸಲಿಲ್ಲ ಅಂದುಕೊಂಡೆ.

ಈಗ ಮಾರ್ಚಿ. ವರ್ಶಿಚ್ ಘಟ್ಟ ಹಿಮದಡಿ ಮುಚ್ಚಿದೆ,
ಐವತ್ತು ತಿರುವಿಗೂ ರಜೆ.
ಗ್ಯಾರೇಜಿನಲ್ಲಿ ಸೌದೆ ಒಲೆ ಹೊತ್ತಿಸಿ
ಗಾಡಿಯ ಹೊಟ್ಟೆಯಡಿ ಜಾಕ್ ಕೊಟ್ಟೆ.
ಪಕ್ಕದ ಪೆಟ್ಟಿಗೆ ಎರಡೂ ಕಳಚಿದ ಮೇಲೂ
ಇನ್ನೂರ ಎಪ್ಪತ್ತು ಕಿಲೋ.
ಚಕ್ರ ನೆಲ ಬಿಟ್ಟಾಗ
ಎತ್ತಿಕೊಂಡ ಮಗು ಕಾಲು ಇಳಿಬಿಡುವಂತೆ
ಫೋರ್ಕು ಮೆಲ್ಲಗೆ ಉದ್ದವಾಯಿತು.

ಕ್ಯಾಲಿಪರುಗಳನ್ನು ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ.
ಪೈಪಿನ ಮೇಲೆ ಭಾರ ಬೀಳಬಾರದು,
ಇದು ದ್ರಾಗೋತಿನ್ ಹೇಳಿಕೊಟ್ಟದ್ದು.
ಬೋವೆಟ್ಸ್‌ನಲ್ಲಿ ಹಾಲಿನ ಲಾರಿ ರಿಪೇರಿ ಮಾಡುತ್ತಿದ್ದವನು,
ಬಯ್ಯದೆ ಏನನ್ನೂ ಹೇಳಿಕೊಡದವನು.

ಡಿಸ್ಕು ಒಂದೇ ತುಂಡು ಅಂತ ತಿಳಿದವರೇ ಬಹಳ.
ಅಲ್ಲ. ನಡುವೆ ಹೂವಿನಂಥ ಚೌಕಟ್ಟು,
ಹೊರಗೆ ಉಕ್ಕಿನ ಬಳೆ,
ಎರಡನ್ನೂ ಕೂಡಿಸಿದ್ದು ಹತ್ತು ಗುಂಡಿ,
ಕೋಟಿನ ಗುಂಡಿಗಿಂತ ಒಂಚೂರು ದಪ್ಪ.
ಬಿಗಿಯಾಗಿ ಹಿಡಿದಿಲ್ಲ. ಹಿಡಿಯಲೂಬಾರದು.
ಘಟ್ಟ ಇಳಿಯುವಾಗ ಬಳೆ ಕಾದು ಹಿಗ್ಗುತ್ತದೆ,
ಹಿಗ್ಗಲು ಜಾಗವಿಲ್ಲದಿದ್ದರೆ ಸೊಟ್ಟಗಾಗುತ್ತದೆ.
ಅದಕ್ಕೇ ಕೂದಲೆಳೆಯಷ್ಟು ಸಡಿಲ, ಬೇಕೆಂದೇ ಬಿಟ್ಟದ್ದು.

ನನ್ನದರಲ್ಲಿ ಕೂದಲೆಳೆ ಹೋಗಿ ಜಡೆಯಾಗಿತ್ತು.
ಉಗುರು ಎಳೆದರೆ ಪ್ರತಿ ಗುಂಡಿಯಲ್ಲೂ ಒಂದು ಮೆಟ್ಟಿಲು,
ಒಂದೇ ಪಕ್ಕ,
ಬ್ರೇಕ್ ಹಿಡಿದಾಗ ಬಳೆ ಹೋಗಿ ಒರಗುವ ಪಕ್ಕ.
ಹನ್ನೊಂದು ವರ್ಷ ನಾನು ಹೆದರಿದ್ದೆಲ್ಲ ಅಲ್ಲಿತ್ತು:
ಜಿಂಕೆ, ಹಿಂದಕ್ಕೆ ಸರಿದ ಕ್ಯಾರವಾನು, ಒದ್ದೆ ಎಲೆ,
ಶಾಲೆಯ ಬಸ್ಸಿನ ಹಿಂದಿನಿಂದ ಓಡಿಬಂದ
ಕೆಂಪು ಟೊಪ್ಪಿಯ ಹುಡುಗ.
ಅವನಿಗೆ ಏನೂ ಆಗಲಿಲ್ಲ.
ಟೊಪ್ಪಿ ಬಿತ್ತು, ಎತ್ತಿಕೊಂಡ, ನನಗೆ ಕೈ ಬೀಸಿದ.
ನಾನು ಆಮೇಲೆ ಅರ್ಧ ಗಂಟೆ ರಸ್ತೆಬದಿ ಕೂತಿದ್ದೆ.
ಯೆರ್ನೆಯ್‌ಗೂ ಇದನ್ನು ಹೇಳಿಲ್ಲ.

ಹೊಸ ಗುಂಡಿಗಳು ಮಾರಿಬೋರ್‌ನಿಂದ ಬಂದವು,
ಇಪ್ಪತ್ತು ಗುಂಡಿ, ಇಪ್ಪತ್ತು ಅಲೆವಾಷರು, ಇಪ್ಪತ್ತು ಕ್ಲಿಪ್ಪು,
ಒಂದೂ ಹೆಚ್ಚಿಗೆ ಹಾಕಿರಲಿಲ್ಲ, ಜಿಪುಣರು.
ಹತ್ತೊಂಬತ್ತು ಕ್ಲಿಪ್ಪು ಹೇಳಿದ ಮಾತು ಕೇಳಿದವು.
ಇಪ್ಪತ್ತನೆಯದು ಟಿಣ್ ಎಂದು ಹಾರಿತು.
ಒಲೆಯ ಹಿಂದೆ ಹುಡುಕಿದೆ, ಹಿಮದ ಬೂಟು ಬೋರಲು ಹಾಕಿದೆ,
ದೀಪ ಹಿಡಿದು ಮಂಡಿಯೂರಿ ನೆಲವನ್ನೆಲ್ಲ ಓದಿದೆ.
ರಾತ್ರಿ ಬಟ್ಟೆ ಬಿಚ್ಚುವಾಗ ಸಿಕ್ಕಿತು,
ಪ್ಯಾಂಟಿನ ಮಡಿಕೆಯಲ್ಲಿ, ನನ್ನ ಜೊತೆಯೇ ಓಡಾಡುತ್ತಾ.

ಬೋಲ್ಟು ಬಿಗಿಯುವ ಸ್ಪಾನರು ಟಕ್ ಅಂದಾಗ ನಿಲ್ಲಿಸಬೇಕು.
ಇನ್ನೊಂದು ಚೂರು ತಿರುಗಿಸೋಣ ಅನ್ನಿಸುತ್ತದೆ,
ಪ್ರತಿ ಸಲವೂ ಅನ್ನಿಸುತ್ತದೆ.
ಬ್ರೇಕಿನ ಸನಿಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು,
ಮೊದಲು ಗಾಳಿ ಹಿಡಿದಂತೆ,
ಆಮೇಲೆ ಕೈಕುಲುಕಿದಂತೆ.

ಮೇ ತಿಂಗಳು ಘಟ್ಟ ತೆರೆಯಿತು.
ಹೋಗಿ ಬಂದೆ. ಚಕ್ರ ನೀರಿನಂತೆ ಸುಮ್ಮನಿತ್ತು.
ಅಡುಗೆಮನೆ ಬಾಗಿಲು ದೂಡಿದರೆ
ಬೆನ್ನು ಹಾಕಿ ಆಲೂ ಸುಲಿಯುತ್ತಿದ್ದ ಯೆರ್ನೆಯ್ ಬೆಚ್ಚಿಬಿದ್ದ,
ಚಾಕು ಕೆಳಗೆ ಬಿತ್ತು.
"ಯಾವಾಗ ಬಂದೆ?"
ಒಲೆ ತಣ್ಣಗಿತ್ತು.

ಎಂಜಿನ್ನು ಎಲ್ಲರದೂ ಒಂದೇ, ಅಂದ.
ಬೇಸಿಗೆಯಲ್ಲಿ ದಿನಕ್ಕೆ ಇನ್ನೂರು ಹೋಗುತ್ತವೆ ಈ ದಾರಿಯಲ್ಲಿ.
ಆ ಚಮಚದ ಸದ್ದು ಮಾತ್ರ ನಿನ್ನದು,
ಅದು ಜಲ್ಲಿದಾರಿ ಮುಟ್ಟಿದ ಕೂಡಲೇ
ಬಾರ್ಲಿ ಗಂಜಿಯ ಪಾತ್ರೆ ಒಲೆಗೆ ಏರಿಸುತ್ತಿದ್ದೆ.

ಎರಡು ಬೇಸಿಗೆ
ಊಟ ಬಿಸಿಯಾಗಿ ಇರುವುದೇ ಹಾಗೆ
ಅಂದುಕೊಂಡಿದ್ದೆ ನಾನು.

ಸವೆದ ಗುಂಡಿಗಳು ಜಾಮಿನ ಬಾಟಲಿಯಲ್ಲಿವೆ.
ಅವನು ಒಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ,
ಇದಲ್ಲ, ಅಂದ.
ಈಗ ತಿರುವಿಗೆ ಬಂದಾಗ ಒಂದು ಸಲ ಹಾರ್ನ್ ಒತ್ತುತ್ತೇನೆ.
ಪಕ್ಕದ ಮನೆ ನಾಯಿಗೆ ಅದು ಹಿಡಿಸಿಲ್ಲ.