ಟ್ರಂಕ್ ಕಾಲ್

ಶುಕ್ರವಾರದ ಸಂತೆ. ಮಡಿಕೇರಿಯ ಮೀನಿನ ಸಾಲಿನಲ್ಲಿ
ಮೂಸಾಕ ಕೊಡತಿಯೆತ್ತಿ ಐಸು ಒಡೆಯುತ್ತಿದ್ದ.
ಚೂರೊಂದು ಹಾರಿ ನನ್ನ ಚಪ್ಪಲಿಯ ಬಳಿ ಬಿತ್ತು.
"ಏನು ಟೆಲಿಫೋನಕ್ಕ, ಹಡಗು ಹತ್ತಿ ಹೋಗಿದ್ದಿರಂತೆ
ಐಸಿನ ಬೆಟ್ಟ ನೋಡಲಿಕ್ಕೆ? ಅದೂ ದುಡ್ಡು ಕೊಟ್ಟು?
ನನ್ನ ಹತ್ತಿರ ಬಂದಿದ್ದರೆ ಪುಕ್ಕಟೆ ತೋರಿಸುತ್ತಿದ್ದೆ."

ಹೋಗಿದ್ದೆ. ನಾದಿನಿ ಬೋಜಮ್ಮನ ಚೀಟಿ ಹಣ,
ನನ್ನ ನಿವೃತ್ತಿಯ ಬಾಕಿ, ಇಬ್ಬರಿಗೂ ಎರವಲು ಕೋಟು.
ಅಲಾಸ್ಕ. ಬೆಟ್ಟಗಳ ನಡುವೆ ಕಡಲು
ದಾರಿ ತಪ್ಪಿದ ದನದ ಹಾಗೆ ಒಳನುಗ್ಗಿ
ಓಣಿಯ ಕೊನೆಯಲ್ಲಿ ನಿಂತುಬಿಟ್ಟಿತ್ತು.
ಎದುರಿಗೆ ಗೋಡೆ. ನೀಲಿ.

"ನೀಲಿಯೋ?" ಕೊಡತಿ ಕೆಳಗಿಟ್ಟ.
ನೀಲಿಯೇ. ಬಟ್ಟೆಗೆ ಹಾಕುವ ನೀಲಿಯಲ್ಲ,
ಗ್ಯಾಸ್ ಒಲೆಯ ಉರಿ ಸಣ್ಣ ಮಾಡಿದಾಗ
ಬುಡದಲ್ಲಿ ಉಳಿಯುತ್ತದಲ್ಲ, ಅದು.
"ಹಾಗಾದರೆ ಒಳಗೆ ಗಾಳಿ ಇಲ್ಲ" ಎಂದ,
ನಲವತ್ತು ವರ್ಷ ಐಸು ಒಡೆದ ಕೈ ಒರೆಸಿಕೊಳ್ಳುತ್ತ.
"ಬಿಳಿ ಐಸು ಗಾಳಿ ತಿಂದದ್ದು, ಮಧ್ಯಾಹ್ನಕ್ಕೇ ನೀರು.
ನೀವು ನೋಡಿದ್ದು ಗಟ್ಟಿ ಮಾಲು."
ಹಡಗಿನ ಗೈಡ್ ಹುಡುಗಿ ಮೈಕು ಹಿಡಿದು
ಅರ್ಧ ಗಂಟೆ ಹೇಳಿದ್ದೂ ಇಷ್ಟನ್ನೇ.

ಅಷ್ಟೇನೂ ಗಟ್ಟಿಯಲ್ಲ ಮೂಸಾಕ.
ನೋಡುತ್ತಿದ್ದಂತೆ ಒಂದು ಮಗ್ಗುಲು ಸಡಿಲಾಯಿತು,
ಸೀರೆಯ ನೆರಿಗೆ ಜಾರಿದ ಹಾಗೆ.
ಸದ್ದೇ ಇಲ್ಲ.
ಮನೆಯಷ್ಟು ದೊಡ್ಡದು ನೀರಿಗಿಳಿಯಿತು, ನೀರು ಎದ್ದು ನಿಂತಿತು.
ಸದ್ದೇ ಇಲ್ಲ.
ಒಂದು, ಎರಡು, ಮೂರು ಎಣಿಸಿದ ಮೇಲೆ
ಬಂತು.

ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ
ಕಿವಿಯಿಂದ ಅನ್ನ ತಿಂದವಳು ನಾನು.
ದುಬೈಯ ಲೈನಿನಲ್ಲಿ ಮಾತು ತಡವಾಗಿ ಬರುತ್ತಿತ್ತು,
ಈ ಕಡೆ ಅತ್ತು ಮುಗಿಸಿದ ಮೇಲೆ ಆ ಕಡೆ ಹಲೋ.
ಆ ತಡ ನನಗೆ ಗೊತ್ತು.
ಆ ಸದ್ದೂ ಗೊತ್ತಿತ್ತು.

ಕಂಬಿ ಹಿಡಿದ ಜನ ಚಪ್ಪಾಳೆ ತಟ್ಟಿದರು.
ಅವರ ಭಾಷೆಯಲ್ಲಿ ಅದಕ್ಕೆ ಕರು ಹಾಕುವುದು ಎನ್ನುತ್ತಾರಂತೆ.
ಇನ್ನೊಂದು, ಇನ್ನೊಂದು ಎಂದು ಒಬ್ಬ ಮುದುಕ ಕೂಗಿದ.
ನಾನು ಕೂತುಬಿಟ್ಟೆ, ಒದ್ದೆ ಹಲಗೆಯ ಮೇಲೆ.
ಬೋಜಮ್ಮನೂ ಕೂತಳು. ಏನೂ ಕೇಳಲಿಲ್ಲ.

ಆ ಆಗಸ್ಟಿನಲ್ಲಿ ಎಲ್ಲ ತಿರುಗುಮುರುಗು,
ಮೊದಲು ಸದ್ದು.
ಕರೆಂಟಿಲ್ಲದ ರಾತ್ರಿ ಎದುರಿನ ಬೆಟ್ಟ
ಗಂಟಲು ಸರಿಮಾಡಿಕೊಂಡಿತು ಒಂದು ಸಲ,
ಆಮೇಲೆ ಉದ್ದಕ್ಕೆ.
ನೋಟ ಬಂದದ್ದು ಬೆಳಿಗ್ಗೆ ಏಳಕ್ಕೆ, ಮಂಜು ಸರಿದಾಗ:
ಹಸಿರಿನ ಮಧ್ಯೆ ಕೆಂಪು, ತರಚಿದ ಮೊಣಕಾಲು.
ಅಲ್ಲಿ ಚೋಂದಕ್ಕನ ಮನೆ ಇತ್ತು.
ನಾನೇ ಓಡಾಡಿ ಕೊಡಿಸಿದ ಕನೆಕ್ಷನ್ನು, ನಂಬರು ಬಾಯಿಪಾಠ.
ತಿರುಗಿಸಿದೆ.
ರಿಂಗ್ ಆಯಿತು ಮೂಸಾಕ. ಆಗುತ್ತಲೇ ಇತ್ತು.
ತಂತಿ ತುಂಡಾದರೂ ಒಮ್ಮೊಮ್ಮೆ ಹಾಗೆ ಕೇಳುತ್ತದೆ,
ಎಷ್ಟೋ ಜನಕ್ಕೆ ನಾನೇ ಹೇಳಿ ಕಳಿಸಿದ ಮಾತು.
ಆದರೂ ಇಡಲಿಲ್ಲ.

ಸಂಜೆ ಹಡಗಿನ ಹುಡುಗನೊಬ್ಬ ಬಲೆ ಹಾಕಿ
ತೇಲುವ ತುಂಡೊಂದನ್ನು ಎತ್ತಿ ನನ್ನ ಕೈಗಿತ್ತ.
ಗಾಳಿ ಇಲ್ಲ ಅಂದೆಯಲ್ಲ, ಇತ್ತು ಸ್ವಲ್ಪ.
ನೂರಾರು ವರ್ಷ ಹಳೆಯದಂತೆ.
ಕರಗುತ್ತ ಕರಗುತ್ತ ಚಿಟ್, ಚಿಟಚಿಟ,
ಲೈನು ಕೂಡುವ ಮೊದಲು ಬರುವ ಸಣ್ಣ ಕರಕರೆ.
ಕಿವಿಗೆ ಹಿಡಿದೆ.
ಹಲೋ ಅನ್ನಬೇಕೆನಿಸಿತು. ಅಂದೆ ಕೂಡ.

ಮೂಸಾಕ ತಕ್ಕಡಿ ನೋಡುತ್ತಿದ್ದ.
ಬಗ್ಗಿ, ಚಪ್ಪಲಿಯ ಬಳಿಯ ಚೂರು ಎತ್ತಿಕೊಂಡೆ.
"ಬೇಡ ಅಕ್ಕ, ಅದು ನಿನ್ನೆಯದು, ಮಂಗಳೂರಿನ ನೀರು.
ಕಿವಿಗೆ ಬೂತಾಯಿಯ ವಾಸನೆ ಹತ್ತುತ್ತದೆ."

ಮುಕ್ಕಾಲು ಕಿಲೋ ತೂಗಿದ. ಕಾಸು ಎಣಿಸಲಿಲ್ಲ.
ಚೀಲಕ್ಕೆ ಒಂದು ಹಿಡಿ ಐಸು ಹೆಚ್ಚಿಗೆ ಹಾಕಿದ.
ಬಸ್ಸಿನಲ್ಲಿ ಸೀಟು ಸಿಗುವ ಹೊತ್ತಿಗೆ
ಪಾದದ ಮೇಲೆ ತೊಟ್ಟಿಕ್ಕತೊಡಗಿತ್ತು.