ಮತ್ತು ಮತ್ತು

ಮಂಡಿಪೇಟೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಒಂದು ಕಂಪ್ಯೂಟರು, ಒಂದೂವರೆ ಪ್ರಿಂಟರು
(ಅರ್ಧದ್ದು ಮನಸ್ಸಿದ್ದ ದಿನ ಮಾತ್ರ ಕಾಗದ ಎಳೆಯುತ್ತದೆ).
ಕರಾರು ಪತ್ರ, ತಿಥಿ ಕಾರ್ಡು,
ಗಂಡನ ಮೇಲೆ ಹೆಂಡತಿಯ ದೂರು, ಅದಕ್ಕೆ ಗಂಡನ ಉತ್ತರ,
ಎರಡನ್ನೂ ಒಂದೇ ಮಧ್ಯಾಹ್ನ ಬಡಿದವಳು ನಾನು.
ಪುಟಕ್ಕೆ ಮೂವತ್ತು.
ನ್ಯಾಯ ಯಾವ ಕಡೆಗೆ ಅಂತ ಕೀಬೋರ್ಡು ಕೇಳುವುದಿಲ್ಲ.

ಆಷಾಢದಲ್ಲಿ ಮುರಿಗೇಂದ್ರಪ್ಪನವರು ಬಂದರು,
ಗಿರಣಿ ಮಾಲೀಕರ ಸಂಘದ ಕಾರ್ಯದರ್ಶಿ.
ಜೊತೆಗೆ ಬೆಂಗಳೂರಿನವರೊಬ್ಬರು, ಬಿಳಿ ಬೂಟು,
ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಸಲಹೆಗಾರರು’ ಅಂತಷ್ಟೇ.
ಯಾರಿಗೆ, ಯಾವುದಕ್ಕೆ, ಅಚ್ಚಾಗಿರಲಿಲ್ಲ.
ಹಮಾಲರ ಮಸೂದೆಯ ಕರಡು ಅವರ ಕೈಯಲ್ಲಿತ್ತು,
ಸದನ ಇನ್ನೂ ಕಾಣದ್ದು,
ಅಂಚಿನಲ್ಲಿ ಆಗಲೇ ಕಾಫಿ ಲೋಟದ ಉಂಗುರ.

ಏರು ದನಿಯಿಲ್ಲ, ಮೇಜು ಗುದ್ದಲಿಲ್ಲ.
ಬೆಣ್ಣೆ ದೋಸೆ ತರಿಸಿದರು, ನನಗೂ ಒಂದು.
ಬೆರಳು ದುಪಟ್ಟಾಕ್ಕೆ ಒರೆಸಿಕೊಂಡು ಏಳನೇ ಕಲಮಿಗೆ ಬಂದೆ:
‘ಗಾಯಗೊಂಡ ಹಮಾಲನಿಗೆ ಮಾಲೀಕನು ಪರಿಹಾರ ನೀಡತಕ್ಕದ್ದು.’
ಬಿಳಿ ಬೂಟಿನವರು ಪರದೆಗೆ ಬೆರಳು ತಾಗಿಸಿದರು,
‘ತಕ್ಕದ್ದು ಯಾಕೆ ಮೇಡಂ, ಒರಟಾಯ್ತು.
ಬಹುದು ಅಂತ ಹಾಕಿ.’
ಎಂಟು ಸಲ ಒತ್ತಿ ಅಳಿಸಿದೆ, ಐದು ಸಲ ಒತ್ತಿ ಬರೆದೆ.
ಮೂರು ಒತ್ತು ಉಳಿತಾಯ.
ನೀಡಬಹುದು.

ಕೆಳಗೊಂದು ಪರಂತು, ಹೊಸದು, ಅವರು ಹೇಳಿದಂತೆ:
‘ಪರಂತು, ಹಂಗಾಮಿ ಮತ್ತು’
(ಆಗ ಕರೆಂಟು ಹೋಗಿ ಬಂತು,
ಒಬ್ಬ ಹುಡುಗ ಆಧಾರ್ ಜೆರಾಕ್ಸಿಗೆ ನಿಂತ)
‘ಮತ್ತು ಮೂಟೆ ಲೆಕ್ಕದ ಕೆಲಸಗಾರರಿಗೆ ಇದು ಅನ್ವಯಿಸುವುದಿಲ್ಲ.’
ಮೂಟೆ ಲೆಕ್ಕದವರನ್ನು ಕಳೆದರೆ
ಈ ಪೇಟೆಯಲ್ಲಿ ಉಳಿಯುವುದು ತಕ್ಕಡಿಗಳು.
ಅಂದೆನೇ? ಇಲ್ಲ. ಪುಟ ಎಣಿಸಿದೆ.
‘ಪ್ರಿಂಟು ಬೇಡ, ಸಾಫ್ಟ್ ಕಾಪಿ ಸಾಕು’ ಅಂದರು.
ಕಾರಿನ ಕೀಲಿಗೊಂಚಲಲ್ಲಿ ಪೆನ್ ಡ್ರೈವು,
ಬೆಳ್ಳಿ ತಾಯಿತದಷ್ಟೇ ಗಾತ್ರ.

ಅದೇ ವಾರ ಇವರೂ ಬಂದರು:
ದಸ್ತಗೀರ್ ಸಾಬ್, ಪರಸಪ್ಪ, ಇನ್ನೂ ಮೂರು ಜೊತೆ ಭುಜ.
ಅಂಗಡಿ ಸಾಲದೆ ಇಬ್ಬರು ಮೆಟ್ಟಿಲ ಮೇಲಿಂದಲೇ ಹೇಳಿದರು,
ಒಬ್ಬರ ಮಾತಿನ ಮೇಲೆ ಇನ್ನೊಬ್ಬರು, ಲಾರಿಗೆ ಮೂಟೆ ಒಟ್ಟಿದ ಹಾಗೆ.
ನಾನು ಅದನ್ನು ಸಾಲಾಗಿ ಇಳಿಸಿದೆ.
ಮೂರು ಸಲ ಓದಿ ತಿದ್ದಿದೆ.
ಒಂದು ಒತ್ತಕ್ಷರ ತಪ್ಪಿರಲಿಲ್ಲ, ದೇವರಾಣೆ.
ಐದು ಪ್ರತಿ ಒಯ್ದರು; ಒಂದು ವಾಪಸು ಬಂತು
ದುಂಡು ಸೀಲು ಹೊತ್ತು: ಸ್ವೀಕರಿಸಲಾಗಿದೆ.
‘ಲ್ಯಾಮಿನೇಷನ್ ಮಾಡಿಕೊಡಮ್ಮ,’ ಅಂದರು ಸಾಬರು,
‘ಬೆವರಿಗೆ ಹಾಳಾಗ್ತೈತಿ.’

ಸಂಕ್ರಾಂತಿ ಕಳೆದು ರಾಜ್ಯಪತ್ರ ಬಂತು.
ಧ್ವನಿಮತದಿಂದ ಅಂಗೀಕಾರ, ಹನ್ನೊಂದು ನಿಮಿಷ ಅಂತ ಪೇಪರಿನವರು.
ಏಳನೇ ಕಲಮು ತೆಗೆದು ನೋಡುತ್ತೇನೆ,
ಪರಂತು, ಹಂಗಾಮಿ ಮತ್ತು ಮತ್ತು ಮೂಟೆ ಲೆಕ್ಕದ...
ಸಮಿತಿ ದಾಟಿದೆ, ಎರಡು ಸದನ ದಾಟಿದೆ,
ಹಸಿರು ಶಾಯಿ, ಕೆಂಪು ಶಾಯಿ, ಅಂಕಿತ, ಮೊಹರು,
ಎಲ್ಲವನ್ನೂ ದಾಟಿ ನನ್ನ ಬೆರಳ ತೊದಲು
ಈಗ ರಾಜ್ಯದ ಕಾನೂನು.
ಮಂಡಿಪೇಟೆಯಲ್ಲಿ ಹುಟ್ಟಿದ್ದು ಅಂತ ಅದಕ್ಕಿರುವ ಸಾಕ್ಷಿ ಅದೊಂದೇ,
ಮತ್ತೆ, ನಾನು.

ಸಂಜೆ ಪರಸಪ್ಪ ಬಂದ, ಸೊಂಟದಲ್ಲಿ ಮೂಟೆ ಕೊಂಡಿ,
ಕೂದಲಲ್ಲಿ ತೌಡು.
‘ನಮ್ಮ ಕಾಯ್ದೆ ಬಂದೈತಂತೆ, ಒಂದು ಪ್ರತಿ ತೆಗಿ.’
ಬಿಸಿ ಕಾಗದದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ.
‘ಬಹುದು’ ದಾಟಿ ಹೋದ.
ಪರಂತಿನ ಹತ್ತಿರ ಬೆರಳು ನಿಂತಿತು.
‘ಇಲ್ಲಿ ಎರಡು ಸಲ ಮತ್ತು ಐತಲ್ಲಕ್ಕ,
ಒಂದು ಅವರದು.
ಇನ್ನೊಂದು ನಮ್ಮದಾ?’

ಹತ್ತು ರೂಪಾಯಿ ಮೇಜಿನ ಮೇಲಿಟ್ಟಿದ್ದ.
ನಾಲ್ಕು ಪುಟ, ಎಂಟು.
ನಾನು ಡ್ರಾಯರಿನೊಳಗೆ ತಲೆ ಹಾಕಿ
ಬಹಳ ಹೊತ್ತು ಚಿಲ್ಲರೆ ಹುಡುಕಿದೆ.